ಬಿಂದು ತಲೆ ತಗ್ಗಿಸಲಿಲ್ಲ

ಅವ್ವಾ,

ನೀನು ಹೋಗಿ ಆರು ವರ್ಷವಾಯ್ತು, ಆದರೂ ಇದನ್ನ ನಿನಗೇ ಹೇಳಬೇಕು. ನಿನ್ನ ಮೊಮ್ಮಗಳು ಬಿಂದುಶ್ರೀ ಮೇಲೆ ಅವಳ ಟ್ಯೂಷನ್ ಮೇಷ್ಟ್ರು ಅತ್ಯಾಚಾರ ಮಾಡಿದ. ಹದಿನಾರು ವರ್ಷದ ಹುಡುಗಿ, ಮನೆಗೆ ಬಂದವಳೇ ನನಗೆ ಎಲ್ಲಾ ಹೇಳಿದಳು. ಬಟವಾಡಿ ಸ್ಟಾಪಿನಲ್ಲಿ ಆಟೋ ಹಿಡಿದು ಆಗಲೇ ಜಿಲ್ಲಾಸ್ಪತ್ರೆಯಲ್ಲಿ ಇಂಥಾ ಹೆಣ್ಣುಮಕ್ಕಳಿಗೆ ನೆರವಾಗೋ ಸಖಿ ಕೇಂದ್ರಕ್ಕೆ ಕರ್ಕೊಂಡು ಹೋದೆ. ಲೇಡಿ ಡಾಕ್ಟರು ಪ್ರತಿಯೊಂದಕ್ಕೂ ಅವಳ ಒಪ್ಪಿಗೆ ಕೇಳಿಯೇ ಪರೀಕ್ಷೆ ಮಾಡಿದರು. ಪೊಲೀಸಿನವರಿಗೆ ಹೇಳಿಕೆ ಕೊಡುವಾಗ ತಲೆ ತಗ್ಗಿಸಲಿಲ್ಲ ನನ್ನ ಮಗಳು.

"ಮೊದಲು ಯಾರಿಗೆ ಹೇಳಿದೆ ಪುಟ್ಟಾ?" ಅಂತ ಕೌನ್ಸೆಲರ್ ಮೇಡಂ ಕೇಳಿದರು.

"ಅಮ್ಮಂಗೆ. ಅಮ್ಮ ನನ್ನ ನಂಬಿದ್ಲು" ಅಂದಳು.

ಹೆಮ್ಮೆಯಿಂದ ನನ್ನ ಎದೆ ತುಂಬಿ ಬಂತು. ಹದಿನಾಲ್ಕರಲ್ಲಿ ನನಗೆ ಹೀಗೇ ಆದಾಗ, ಹಾಗಲವಾಡಿಯ ನಮ್ಮ ಅಡುಗೆಮನೆಯಲ್ಲಿ ನಾನೂ ಮೊದಲು ಹೇಳಿದ್ದು ನಿನಗೇ ಅವ್ವಾ; ನೀನೂ ನನ್ನ ನಂಬಿದ್ದೆ.