ಅಪಾಯ ಭತ್ಯೆ ನಿಂತ ದಿನ

ಅಮ್ಮಾ,

ನೀನು ಹೋಗಿ ವರ್ಷವಾದರೂ ನಿನಗೆ ಸುದ್ದಿ ಒಪ್ಪಿಸುವ ನನ್ನ ಚಟ ಹೋಗಿಲ್ಲ. ಇವತ್ತು ಬೆಳಿಗ್ಗೆ ನಾನಿರುವ, ಯುದ್ಧ ನಡೆಯುತ್ತಿರುವ ಈ ಪರದೇಶದ ಊರು ಸುರಕ್ಷಿತವಾಯಿತು, ಅದೂ ಈಮೇಲ್‌ನಲ್ಲಿ. ನಮ್ಮ ಪರಿಹಾರ ಸಂಸ್ಥೆಯ ಮುಖ್ಯ ಕಚೇರಿ ಅಪಾಯ ಭತ್ಯೆ ನಿಲ್ಲಿಸಿದೆ. ಇನ್ನು ಮಕ್ಕಳನ್ನು ಕರೆಸಿಕೊಳ್ಳಬಹುದಂತೆ. ಟಿಕೆಟ್ಟು, ಶಾಲೆಯ ಫೀಸು ಎಲ್ಲ ಅವರದೇ ಖರ್ಚಂತೆ. ಸಂಬಳ ಸಣ್ಣಗಾದರೆ ಊರು ತಣ್ಣಗಾಗುತ್ತದೆ, ನೋಡು.

ತಮಾಷೆಗೆಂದು ನಿನ್ನ ಮೊಮ್ಮಗಳಿಗೆ ಫೋನ್ ಮಾಡಿ ಹೇಳಿದೆ. ನೀನಿಲ್ಲದ ಮೇಲೆ ಅವಳು ಅಕ್ಕನ ಮನೆಯಲ್ಲಿದ್ದಾಳೆ. ಅವಳಿಗೆ ಅದು ತಮಾಷೆಯಾಗಲಿಲ್ಲ.

"ಆಫೀಸ್‌ನೋರೇ ಸೇಫ್ ಅಂದ್ಮೇಲೆ ಇನ್ನೇನಮ್ಮಾ ನಿನ್ ನೆಪ? ದೊಡ್ಡಮ್ಮ ಆಗ್ಲೇ ಸೂಟ್‌ಕೇಸ್ ಇಳಿಸ್ತಿದಾರೆ."

ಅಷ್ಟರಲ್ಲಿ ಹೊರಗೆ ಧಡ್ ಎಂದಿತು. ಗಾಜು ನಡುಗಿತು.

"ಏನದು ಸದ್ದು?"

"ಬಾಗಿಲು," ಎಂದೆ, ನಿನಗೆ ಹೇಳುತ್ತಿದ್ದ ಹಾಗೆಯೇ.

ಮತ್ತೊಮ್ಮೆ ಧಡ್.

"ನಿಮ್ಮನೇಗೆ ಎಷ್ಟಮ್ಮಾ ಬಾಗಿಲು?" ಎಂದು ನಕ್ಕಳು. "ಇರ್ಲಿ, ನನ್ ಮಂಚ ಮಾತ್ರ ಕಿಟಕಿ ಪಕ್ಕಾನೇ ಹಾಕ್ಸು."

ನಾನು ಆ ಕಿಟಕಿಗೆ ಹೆದರಿ ಒಳಗಿನ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಮಲಗುವವಳು. ಹಗಲೆಲ್ಲ ಟ್ಯಾಂಕರಿನಿಂದ ಊರಿಗೆ ನೀರು ಹಂಚುತ್ತೇನೆ. ಈಗ ನನ್ನ ಬಾಯೇ ಒಣಗಿತು.

"ಬರ್ಬೇಡ ಪುಟ್ಟಿ," ಎಂದೆ. "ಇಲ್ಲಿ ಸೇಫ್ ಇಲ್ಲ."

ಅವಳು ಮೆಲ್ಲಗೆ ಕೇಳಿದಳು, "ಹಾಗಾದ್ರೆ ನೀನ್ಯಾಕಮ್ಮಾ ಅಲ್ಲಿದೀಯ?"

ನೀನು ಇದನ್ನು ಒಮ್ಮೆಯೂ ಕೇಳಿರಲಿಲ್ಲ, ಅಮ್ಮಾ.