ಎಡಗೈ ಲೇತು

ಹಟಮಾರಿ ತಮ್ಮನಿಗೆ,

ಅಕ್ಕನ ಆಶೀರ್ವಾದ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಇದನ್ನು ನಿನ್ನ ಹೆಂಡತಿ ನಿನ್ನ ಮುಂದೆ ಇಟ್ಟೇ ಇಡುತ್ತಾಳೆ, ತಪ್ಪಿಸಿಕೊಳ್ಳಲಾರೆ.

ನಮ್ಮ ಹಿಂದಿನ ಕೋಣೆಯಲ್ಲಿ ಲೋಹ ಕಡೆಯಲು ಒಂದು ಲೇತು ಕಟ್ಟಿದ್ದೇನೆ. ನಗಬೇಡ. ಅಪ್ಪನ ಶೆಡ್ಡಿನಲ್ಲಿ ಎರಕ ನನ್ನ ಪಾಲು, ಲೇತು ನಿನ್ನ ಪಾಲು ಆಗಿತ್ತಲ್ಲ. ಮರಳಿನ ಅಚ್ಚು ಒತ್ತುವುದನ್ನು ಕೈ ಮರೆತಿಲ್ಲ. ಮನೆಯ ಅಲ್ಯೂಮಿನಿಯಂ ಪಾತ್ರೆಗಳೆಲ್ಲ ಕರಗಿ ಲೇತಿನ ಭಾಗಗಳಾದವು. "ನನ್ನ ಕನ್ನಡಕದ ಫ್ರೇಮೊಂದು ಉಳಿದಿದೆ, ಅದನ್ನೂ ಹಾಕ್ಬಿಡು" ಅಂದರು ನಿಮ್ಮ ಭಾವ. ಮೋಟರ್ ವಾಷಿಂಗ್ ಮೆಷಿನ್ನಿನದು. ಬಟ್ಟೆ ಈಗ ಅವರೇ ಒಗೆಯುತ್ತಾರೆ.

ನೋಡಿದವರೆಲ್ಲ ಇದು ಉಲ್ಟಾ ಇದೆ ಅನ್ನುತ್ತಾರೆ. ಹೌದು, ಉಲ್ಟಾ. ಕಡೆಯುವ ತುಂಡನ್ನು ಹಿಡಿದು ತಿರುಗುವ ತಲೆ ಬಲಕ್ಕಿದೆ, ನಾಜೂಕಾಗಿ ತಿರುಗಿಸಬೇಕಾದ ಹಿಡಿಗಳೆಲ್ಲ ಎಡಗೈಗೆ ಸಿಗುತ್ತವೆ. ತಗಡು ಒತ್ತುವ ಪ್ರೆಸ್ಸು ನಿನ್ನ ಬಲಗೈಯ ಮೂರು ಬೆರಳು ತಿಂದ ಮೇಲೆ ನೀನು ಒಮ್ಮೆ ಮಾತ್ರ ಲೇತಿನ ಮುಂದೆ ನಿಂತೆ. ಒಂದು ತುಂಡು ಕೆಟ್ಟಿತು. "ನನ್ ಕೆಲಸ ಮುಗೀತು ಅಕ್ಕಾ" ಅಂದವನು ಗೋದಾಮಿನ ಬಾಗಿಲು ಕಾಯಲು ಹೋದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ಅಷ್ಟೂ ಅನ್ನಲಿಲ್ಲ. ಆದರೆ ನಿನ್ನ ವಿಷಯದಲ್ಲಿ ನೆಲವೇ ಡೊಂಕಾಗಿತ್ತು ಕಣೋ. ಲೇತುಗಳನ್ನೆಲ್ಲ ಬಲಗೈಯವರಿಗೆಂದೇ ಕಟ್ಟಿರುತ್ತಾರೆ. ಅವತ್ತು ನನಗೂ ಅದು ಹೊಳೆಯಲಿಲ್ಲ, ಮನೆಗೆ ಬಂದು ಅತ್ತುಬಿಟ್ಟೆ.

ಮೊದಲ ಸಲ ಸ್ವಿಚ್ ಒತ್ತಿದಾಗ ತಲೆಗೆ ತಿರುಗಿಸಿ ಬಿಗಿದಿದ್ದ ಎರಕದ ತಟ್ಟೆ ತಾನೇ ಬಿಚ್ಚಿಕೊಂಡು ಉರುಳುತ್ತಾ ಅಡುಗೆಮನೆ ಸೇರಿತು. ಇಡೀ ಯಂತ್ರವನ್ನು ತಿರುವಿ ಕಟ್ಟಿದ ಈ ಜಾಣೆ ತಟ್ಟೆ ಬಿಗಿಯುವ ತಿರುಪಿನ ಥ್ರೆಡ್ಡನ್ನು ತಿರುವಲು ಮರೆತಿದ್ದಳು! ನಿಮ್ಮ ಭಾವ ಅದನ್ನು ಕಾಲಲ್ಲಿ ತಡೆದು, "ಪಾತ್ರೆ ವಾಪಸ್ ಬಂತು ಕಣೇ" ಅಂದರು. ಈಗ ಎಡಕ್ಕೆ ಬಿಗಿಯುವ ಥ್ರೆಡ್ ಹಾಕಿಸಿದ್ದೇನೆ. ಬಿಚ್ಚುವುದಿಲ್ಲ.

ತಟ್ಟೆ ಮಾತ್ರ ಎರಕದಿಂದ ಬಂದ ಹಾಗೇ ಒರಟಾಗಿದೆ, ತಿರುಗುವಾಗ ಓಲಾಡುತ್ತದೆ. ಅದನ್ನು ಅದೇ ಲೇತಿನ ಮೇಲೆ ಕೂರಿಸಿ ಸಮ ಮಾಡಬೇಕು, ನಿನಗೆ ನಾನು ಹೇಳಿಕೊಡಬೇಕೇ? ಮೊದಲ ಕೆಲಸ ನಿನ್ನದಾಗಲಿ ಅಂತ ನಾನು ಮುಟ್ಟಿಲ್ಲ. ಎಡಗೈ ಪಳಗಲು ದಿನ ಹಿಡಿಯುತ್ತದೆ, ಗೊತ್ತು. ಕೆಡಿಸು. ಎಷ್ಟು ಸಲ ಕೆಡಿಸಿದರೂ ಕರಗಿಸಿ ಮತ್ತೆ ಹೊಯ್ದುಕೊಡುತ್ತೇನೆ.

ಭಾನುವಾರದವರೆಗೆ ಕಾಯುತ್ತೇನೆ. ಬರದಿದ್ದರೆ ಆ ತಟ್ಟೆಯನ್ನು ನಾನೇ ಸಮ ಮಾಡುತ್ತೇನೆ, ಕೆಟ್ಟದಾಗಿ ಮಾಡುತ್ತೇನೆ, ಕೇಳಿದವರಿಗೆಲ್ಲ ನನ್ನ ತಮ್ಮನೇ ಮಾಡಿದ್ದು ಅನ್ನುತ್ತೇನೆ.

ನೂರ್ಕಾಲ ಬಾಳು. ಅದಕ್ಕೂ ಮೊದಲು ಒಮ್ಮೆ ಬಾ.

ನಿನ್ನ ಅಕ್ಕ