ಕನ್ನಡಕದ ಅಂಗಡಿಯ ಕಂಪ್ಯೂಟರಿಗೆ ಬೇರೆಯವರ ಕೈ

ತಮ್ಮಾ,

ನಾನು ಬೇಕರಿಗೆ ಹೊರಟೆ. ಅವರ ಲೆಕ್ಕದ ಸಾಫ್ಟ್‌ವೇರಿಗೆ ಇವತ್ತು ಅಪ್‌ಡೇಟ್ ಹಾಕಬೇಕು. ನಾನು ಕೈಯಿಡದೆ ಈ ಪೇಟೆಯ ಒಂದಂಗಡಿಯಲ್ಲೂ ಬಿಲ್ ಹುಟ್ಟುವುದಿಲ್ಲ, ಸೂರ್ಯನೂ ನನ್ನನ್ನು ಕೇಳಿಯೇ ಹುಟ್ಟುತ್ತಾನೆ. ನಿನ್ನ ಕನ್ನಡಕದ ಅಂಗಡಿಯೊಂದನ್ನು ಬಿಟ್ಟು, ಎಂದು ನಿನ್ನೆ ಗೊತ್ತಾಯಿತು.

ನೀನಿಲ್ಲದಾಗ ಅಪ್‌ಡೇಟ್ ಹಾಕಿಬಿಡೋಣವೆಂದು ಅಂಗಡಿಗೆ ಹೋಗಿದ್ದೆ. ಆಗಲೇ ಯಾರೋ ಹಾಕಿ ಹೋಗಿದ್ದಾರೆ! ಕಂಪ್ಯೂಟರಿಗೆ ನಾನು ಅಂಟಿಸಿದ್ದ ನನ್ನ ನಂಬರಿನ ಮೇಲೆಯೇ ತನ್ನ ನಂಬರು ಅಂಟಿಸಿದ್ದಾನೆ. ನನ್ನ ಎದೆ ಧಸಕ್ಕೆಂದ ಸದ್ದಿಗೆ ಪಕ್ಕದ ಮೂರು ಬೀದಿಯ ಕಿಟಕಿಗಳೂ ಅದುರಿರಬೇಕು.

ನಿನ್ನ ಲೆನ್ಸ್ ಉಜ್ಜುವವನನ್ನು ಹಿಡಿದು ಕೇಳಿದೆ.

"ಅಕ್ಕಾ, ನನ್ ಮೇಲೆ ರೇಗ್ಬೇಡಿ. ಹತ್ತು ನಿಮಿಷದ ಕೆಲ್ಸಕ್ಕೆ ಬಂದು ಸಂಜೆವರೆಗೂ ಕಥೆ ಹೇಳ್ತಾಳೆ, ಗಿರಾಕಿಗಳು ಕಣ್ಣು ತೋರಿಸೋದೇ ಮರೆತು ಹೋಗ್ತಾರೆ ಅಂತ ನಿಮ್ ತಮ್ಮನೇ ಅಂದ್ರು."

ಅದನ್ನು ನನ್ನ ಮುಖಕ್ಕೇ ಹೇಳಬಾರದಿತ್ತೇನೋ? ದಿನಾ ಒಂದೇ ಮೇಜಿಗೆ ಕೂತು ಉಣ್ಣುತ್ತೇವೆ.

ಅಪ್‌ಡೇಟ್ ಹಾಕಿದ ಆ ಮಹಾನುಭಾವ ಬ್ಯಾಕಪ್ ತೆಗೆದಿರಲಿಲ್ಲ. ನಾನು ತೆಗೆದಿದ್ದೇನೆ, ಪೆನ್ ಡ್ರೈವ್ ಫ್ರಿಜ್ ಮೇಲಿದೆ.

ಫ್ರೇಮುಗಳ ತೆರಿಗೆ ದರವನ್ನೂ ಹಳೆಯದಾಗಿಯೇ ಬಿಟ್ಟಿದ್ದಾನೆ. ಅದು ಸರಿಯಾಗುವವರೆಗೆ ಯಾರಿಗೂ ಬಿಲ್ ಕೊಡಬೇಡ. ನಾನು ಮುಟ್ಟಲಿಲ್ಲ. ಕರೆಯದ ಕಡೆ ಅಷ್ಟು ಮಾಡಿದ್ದೇ ಹೆಚ್ಚು.

ಅವನನ್ನು ಕರೆಯುತ್ತೀಯೋ, ನನ್ನನ್ನೋ, ನೀನೇ ನೋಡಿಕೋ. ನನ್ನನ್ನು ಕರೆದರೆ ಕೆಲಸ ಮುಗಿಯುವ ತನಕ ತುಟಿ ಬಿಚ್ಚುವುದಿಲ್ಲ. ಆ ಪವಾಡ ನೋಡಲು ಊರಿಗೆ ಊರೇ ನಿನ್ನ ಅಂಗಡಿ ಮುಂದೆ ಸಾಲು ನಿಲ್ಲುತ್ತದೆ.

ಅಕ್ಕ